ಮಣ್ಣಿಗಿಳಿದ ನಂಜಿಗೆ ಮದ್ದು

ಹೂವಿನಹಡಗಲಿ ಸೀಮೆಯ ಎರೆಹೊಲಗಳು ಚೈತ್ರ ಕಳೆದು ವೈಶಾಖ ಕಾಲಿಡುವ ಹೊತ್ತಿಗೆ ಬಿರಿದು ನಿಂತಿರುತ್ತವೆ. ಆಗ ಹೊಲದ ಬದುವಿನ ಮೇಲೆ ನಿಂತವರಿಗೆ, ಕಣ್ಣು ಹಾಯುವಷ್ಟು ದೂರ ಕಪ್ಪು ನೆಲವೆಲ್ಲ ಸೀಳಿ ಹೆಂಟೆಹೆಂಟೆಯಾಗಿ ಒಡೆದಿರುವುದೂ, ಜೋಳದ ದಂಟೊಂದನ್ನು ಅಂಥ ಸೀಳಿನೊಳಕ್ಕೆ ಇಳಿಬಿಟ್ಟರೆ ಅದು ಮೊಣಕಾಲುದ್ದ ಒಳಹೋದರೂ ತಳ ಮುಟ್ಟದಿರುವುದೂ ಕಾಣುತ್ತದೆ. ಮಳೆಯ ನೀರು ಮಣ್ಣಿನ ಕಣಕಣವನ್ನೂ ತೋಯಿಸುತ್ತ ಮೆಲ್ಲಮೆಲ್ಲನೆ ಕೆಳಗಿಳಿಯುವುದೆಂದು ಶಾಲೆಯ ಪುಸ್ತಕಗಳು ಹೇಳುವುದುಂಟು. ಎರೆಯಲ್ಲಿ ಮುಂಗಾರಿನ ಮೊದಲ ಮಳೆ ಹಾಗೆ ಇಳಿಯುವುದಿಲ್ಲ. ಅದು ಮೇಲುಮಣ್ಣನ್ನು ಅರೆಬರೆಯಾಗಿ ತೊಳೆದು, ಸಿಕ್ಕಿದ ಬಿರುಕಿನಲ್ಲಿ ಧುಮುಕಿ, ಜೇಡಿ ಉಬ್ಬಿ ದಾರಿ ಮುಚ್ಚುವುದಕ್ಕೆ ಮುಂಚೆಯೇ ಮೂರು ನಾಲ್ಕು ಅಡಿ ಆಳವನ್ನು ಸೇರಿರುತ್ತದೆ. ಮೇಲುಮಣ್ಣಿನಲ್ಲಿ ಏನಿತ್ತೋ ಅದೂ ಅದರ ಜೊತೆಗೆ ಹೋಗುತ್ತದೆ.

ಏನಿರುತ್ತದೆ ಎಂಬುದನ್ನು ವಿಚಾರಿಸುವುದು ಕಷ್ಟವಲ್ಲ. ಈ ಸೀಮೆಯಲ್ಲಿ, ಅದರಲ್ಲಿಯೂ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಕಡೆ, ಬಿಳಿಜೋಳ ಬಿತ್ತುತ್ತಿದ್ದ ಹೊಲಗಳನ್ನು ಮೆಕ್ಕೆಜೋಳ ಆಕ್ರಮಿಸಿಕೊಂಡು ಬಹಳ ಕಾಲವಾಯಿತು. ಮೆಕ್ಕೆಜೋಳ ಬಿತ್ತಿದ ಎರಡು ಮೂರು ದಿನಗಳೊಳಗೆ, ಹಸಿ ಆರುವ ಮುನ್ನ, ಕಳೆ ಹುಟ್ಟದಿರಲೆಂದು ನೆಲಕ್ಕೇ ಹೊಡೆಯುವ ಅಟ್ರಜಿನ್ ಎಂಬ ಪುಡಿ ಈಗ ಬೀಜಗೊಬ್ಬರಗಳ ಜೊತೆಗೇ ಮನೆಗೆ ಬರುತ್ತದೆ. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಹಡಗಲಿಯ ಮಲ್ಲಿಗೆಗೂ ಮೊಗ್ಗು ಕೊರೆಯುವ ಹುಳುವಿನ ಬಾಧೆ ಹೊಸದಲ್ಲ; ಅದಕ್ಕೆ ಕೃಷಿ ಕೈಪಿಡಿಗಳು ಬಹುಕಾಲ ಸೂಚಿಸುತ್ತಿದ್ದುದು ಮೊನೊಕ್ರೊಟೊಫಾಸ್ ಎಂಬ, ನೀರಿನಲ್ಲಿ ಸಕ್ಕರೆಯಂತೆ ಸರಾಗವಾಗಿ ಬೆರೆತುಹೋಗುವ ಉಗ್ರವಿಷವನ್ನು. ತಿನ್ನುವ ಪದಾರ್ಥವಲ್ಲ, ಮುಡಿಯುವ ಹೂವು ಎಂಬ ಸಮಾಧಾನದಲ್ಲಿ ಅದರ ಶೇಷ ಎಲ್ಲಿಗೆ ಹೋಯಿತೆಂದು ಕೇಳಿದವರು ವಿರಳ.

ಹೊಲಕ್ಕೆ ಹೊಡೆದುದಕ್ಕಿಂತಲೂ ಹೊಲದಂಚಿನಲ್ಲಿ ಚೆಲ್ಲಿದುದು ಹೆಚ್ಚಿನ ಚಿಂತೆಗೆ ಅರ್ಹವೆಂದು ನನ್ನ ಅಭಿಪ್ರಾಯ. ಕೃಷಿಹೊಂಡದ ಏರಿಯ ಮೇಲೋ, ಬೋರಿನ ಪಕ್ಕದ ತೊಟ್ಟಿಯ ಬಳಿಯೋ ಒಂದು ಬೋಳು ಜಾಗವಿರುತ್ತದೆ. ಅಲ್ಲಿ ಹುಲ್ಲು ಹುಟ್ಟುವುದಿಲ್ಲ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಎಣ್ಣೆಯೆಂದು ಕರೆಯುವ ವಿಷವನ್ನು ಕಲಸುವುದು ಅಲ್ಲಿ, ಬಾಟಲಿಯ ಮುಚ್ಚಳದಿಂದ ಅಳೆಯುವಾಗ ತುಳುಕುವುದು ಅಲ್ಲಿ, ಸಂಜೆ ಸಿಂಪಡಿಸುವ ಪಂಪು ತೊಳೆದು ಮಡ್ಡಿನೀರನ್ನು ಬಸಿಯುವುದೂ ಅಲ್ಲಿಯೇ. “ಯಜಮಾನರೇ, ಇದನ್ನು ಇಷ್ಟು ದೂರ ತಂದು ನೀರಿನ ಹತ್ತಿರವೇ ತೊಳೆಯಬೇಕೇನು?” ಎಂದು ಹಿರಿಯರೊಬ್ಬರನ್ನು ಕೇಳಿದಾಗ ಅವರು ನನ್ನ ಬುದ್ಧಿಯನ್ನು ಕುರಿತು ಸ್ವಲ್ಪ ಕನಿಕರ ತೋರಿಸಿದಂತಿತ್ತು: “ನೀರಿದ್ದಲ್ಲೇ ತೊಳೀಬೇಕಲ್ರೀ ಸಾರ್, ನೀರಿಲ್ಲದ ಕಡೆ ಪಂಪು ಹೆಂಗ ತೊಳಿಯಾಕ ಬರ್ತೈತಿ?” ಉತ್ತರದಲ್ಲಿ ತರ್ಕದೋಷವೇನೂ ಇರಲಿಲ್ಲ. ಆದರೆ ಕುಡಿಯುವ ನೀರಿಗೆ ನಮ್ಮ ದೇಶದ ಮಾನಕವು ಅಟ್ರಜಿನ್‌ಗೆ ಇಟ್ಟಿರುವ ಮಿತಿ ಲೀಟರಿಗೆ 2 ಮೈಕ್ರೊಗ್ರಾಂ. ಎಂದರೆ ಅದರ ಒಂದೇ ಒಂದು ಗ್ರಾಂ ಐದು ಲಕ್ಷ ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲುದು. ಅಂಗಡಿಯಲ್ಲಿ ಸಿಕ್ಕುವ ಶೇಕಡ 50ರ ಪುಡಿಯಾದರೆ ಎರಡು ಗ್ರಾಂ ಸಾಕು.

ವಿಷವು ಮಣ್ಣಿನಲ್ಲಿ ನಿಲ್ಲುವುದೋ, ನೀರಿನೊಡನೆ ಬಸಿದುಹೋಗುವುದೋ ಎಂಬುದು ಮುಖ್ಯವಾಗಿ ಎರಡು ಗುಣಗಳನ್ನು ಅವಲಂಬಿಸಿದೆ: ಅದು ಮಣ್ಣಿನ ಸಾವಯವಾಂಶಕ್ಕೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ ಎಂಬುದೊಂದು, ಎಷ್ಟು ದಿನ ಕೊಳೆಯದೆ ಉಳಿಯುತ್ತದೆ ಎಂಬುದಿನ್ನೊಂದು. ಗಸ್ಟಾಫ್‌ಸನ್ ಎಂಬ ವಿಜ್ಞಾನಿ 1989ರಲ್ಲಿ ಇವೆರಡನ್ನೂ ಕೂಡಿಸಿ ಒಂದೇ ಅಂಕವಾಗಿ ಹೇಳುವ ಸೂತ್ರವೊಂದನ್ನು ಕೊಟ್ಟನು, ಅಂಕ 2.8ನ್ನು ಮೀರಿದರೆ ಆ ದ್ರವ್ಯ ಅಂತರ್ಜಲಕ್ಕಿಳಿಯುವ ಜಾತಿಯದು, 1.8ಕ್ಕಿಂತ ಕಡಿಮೆಯಾದರೆ ಮೇಲುಮಣ್ಣಿನಲ್ಲಿಯೇ ತಂಗುವ ಜಾತಿಯದು. ಅಟ್ರಜಿನ್ ಮೂರನ್ನು ದಾಟುತ್ತದೆ. ಯುರೋಪಿನ ರಾಷ್ಟ್ರಗಳು ಅದನ್ನು ತಮ್ಮ ಹೊಲಗಳಿಂದ ಹೊರಗಟ್ಟಿದುದಕ್ಕೆ ಅಂತರ್ಜಲದಲ್ಲಿ ಅದು ಮತ್ತೆ ಮತ್ತೆ ತಲೆದೋರಿದುದೇ ಕಾರಣ. ಇದೇ ಸೂತ್ರಕ್ಕೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಅಂಕಿಗಳನ್ನು ಹಾಕಿದರೆ ಬರುವ ಫಲ ಸೊನ್ನೆಗಿಂತಲೂ ಕೆಳಗೆ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಮಿನ ಮೂರರಲ್ಲೊಂದು ಪಾಲು ಕರಗುವುದೂ ಕಷ್ಟವಾದ, ಮಣ್ಣನ್ನು ಕಂಡೊಡನೆ ಬಿಗಿಯಾಗಿ ಹಿಡಿದುಕೊಳ್ಳುವ ಆ ದ್ರವ್ಯದಿಂದ ನೀರಿಗೆ ಭಯವಿಲ್ಲವೆಂದೇ ಸೂತ್ರದ ತೀರ್ಪು.

ಈ ತೀರ್ಪನ್ನು ಕಾಸರಗೋಡಿನ ಕನ್ನಡಿಗರ ಮುಂದೆ ಓದಿ ಹೇಳುವ ಧೈರ್ಯ ಯಾರಿಗೂ ಬಾರದು.

ಗಡಿನಾಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ, ವಾಣಿನಗರ, ಸ್ವರ್ಗ ಎಂಬ ಊರುಗಳ ಸುತ್ತಣ ಗುಡ್ಡಗಳ ನೆತ್ತಿಯ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿವೆ. ಗೇರಿನ ಚಿಗುರು ಹೀರುವ, ಸೊಳ್ಳೆಯೆಂದೇ ಕರೆಯುವ ಕೀಟವನ್ನು ಕೊಲ್ಲಲೆಂದು 1970ರ ದಶಕದ ಉತ್ತರಾರ್ಧದಲ್ಲಿ ಮೊದಲಾಗಿ 2000ದವರೆಗೆ, ಸುಮಾರು ಕಾಲು ಶತಮಾನ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ತೋಟಗಳು ನೆತ್ತಿಯಲ್ಲಿ, ಮನೆಗಳು ತಪ್ಪಲಿನಲ್ಲಿ. ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಹುಟ್ಟುವ ಕರುಗಳ ಅಂಗವೈಕಲ್ಯವನ್ನು ಗಮನಿಸಿ ಬರೆದುದು ಬಹಳ ಹಿಂದೆಯೇ, ವೈದ್ಯರಾದ ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳ ಮನೆಗಳನ್ನು ಗುರುತಿಸುತ್ತ ಹೋದಂತೆ, ರೋಗ ನೆಲೆಸಿರುವ ದಾರಿಯೂ ನೀರು ಹರಿಯುವ ದಾರಿಯೂ ಒಂದೇ ಎಂಬುದು ಅವರಿಗೆ ತೋರತೊಡಗಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತಗಳ ಪರೀಕ್ಷೆ ನಡೆಸಿ ವಿಷಶೇಷವಿರುವುದನ್ನು ಪ್ರಕಟಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನವೂ ಅದರ ಹಿಂದೆಯೇ ಬಂದಿತು. ನಮ್ಮದೇ ರಾಜ್ಯದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಕಥೆಯೂ ಇದರ ಸೋದರಿಯೇ. ಕರ್ನಾಟಕ ಸರ್ಕಾರ 2011ರ ಫೆಬ್ರವರಿಯಲ್ಲಿ ಈ ವಿಷವನ್ನು ನಿಷೇಧಿಸಿತು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ತಡೆ ಹಾಕಿತು.

ಸೂತ್ರ ತಪ್ಪಿದುದೆಲ್ಲಿ? ಗಣಿತದಲ್ಲಂತೂ ಅಲ್ಲ. ಅದು ಊಹಿಸಿಕೊಂಡ ಮಣ್ಣು ಪಡ್ರೆಯ ಮಣ್ಣಾಗಿರಲಿಲ್ಲ. ಅಲ್ಲಿ ತೆಳುವಾದ ಮೇಲುಮಣ್ಣಿನ ಕೆಳಗಿರುವುದು ಮುರಕಲ್ಲು. ಮೈತುಂಬ ತೂತು, ತೂತಿನಿಂದ ತೂತಿಗೆ ಸಂಪರ್ಕ. ಆ ಗುಡ್ಡಗಳ ಮಗ್ಗುಲಲ್ಲಿ ಪೂರ್ವಿಕರು ಆಳೆತ್ತರದ ಸುರಂಗಗಳನ್ನು ಅಡ್ಡಲಾಗಿ ಕೊರೆದು, ಕಲ್ಲಿನಿಂದ ಒಸರುವ ನೀರನ್ನು ಅಡಿಕೆಯ ಹಾಳೆಯಲ್ಲೋ ದೋಣಿಯಲ್ಲೋ ಹಿಡಿದು ಅಂಗಳದ ಕೆರೆಗೆ ತಂದುಕೊಂಡಿದ್ದಾರೆ. ಬಾವಿಗಾದರೆ ಮುಚ್ಚಳ ಹಾಕಬಹುದು. ಗುಡ್ಡದ ಹೊಟ್ಟೆಯಿಂದಲೇ ನೀರು ಒಸರುವ ಸುರಂಗಕ್ಕೆ ಏನನ್ನು ಹೊದಿಸುವುದು? ಮಳೆಗಾಲದಲ್ಲಿ ನಾಲ್ಕು ತಿಂಗಳು ಎಡೆಬಿಡದೆ ಸುರಿಯುವ ಆ ಸೀಮೆಯಲ್ಲಿ, ಕರಗಿಕೊಂಡಲ್ಲವಾದರೂ ಸೂಕ್ಷ್ಮವಾದ ಮಣ್ಣಿನ ಕಣಕ್ಕೆ ಅಂಟಿಕೊಂಡು ವಿಷ ಪ್ರಯಾಣ ಮಾಡಬಲ್ಲುದೆಂಬುದನ್ನು ಸೂತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೀಗೆ ಮಲಿನವಾದ ಮಣ್ಣಿಗೆ ಚಿಕಿತ್ಸೆಯುಂಟೆ? ಉಂಟು. ಆದರೆ ವೈದ್ಯನು ಮೊದಲು ರೋಗಿಯ ಪ್ರಕೃತಿಯನ್ನು ನೋಡಬೇಕು; ಪಡ್ರೆಯ ಮುರಮಣ್ಣಿಗೆ ಹಿಡಿಸುವ ಮದ್ದು ಹಡಗಲಿಯ ಎರೆಗೆ ವ್ಯರ್ಥವಾಗಬಹುದು, ಅಪಥ್ಯವೂ ಆಗಬಹುದು.

ಸುಣ್ಣವನ್ನೇ ತೆಗೆದುಕೊಳ್ಳೋಣ. ಎಂಡೋಸಲ್ಫಾನಿಗೆ ಮಣ್ಣಿನಲ್ಲಿ ಎರಡು ಗತಿಗಳಿವೆ. ಸೂಕ್ಷ್ಮಜೀವಿಗಳು ಅದನ್ನು ಉತ್ಕರ್ಷಿಸಿದರೆ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದು ಮೂಲವಿಷದಷ್ಟೇ ಕ್ರೂರ, ಅದಕ್ಕಿಂತ ದೀರ್ಘಾಯು. ನೀರು ಮೂಲವಿಷವನ್ನೇ ಸೀಳಿದರೆ ಡಯಾಲ್ ಎಂಬ ಬಹುಮಟ್ಟಿಗೆ ಸೌಮ್ಯವಾದ ವಸ್ತುವಾಗುತ್ತದೆ. ಯಾವ ಗತಿ ಮೇಲಾಗುವುದೆಂಬುದಕ್ಕೆ ಮಣ್ಣಿನ ಹುಳಿಯೂ ಕ್ಷಾರವೂ ಬಹುಮಟ್ಟಿಗೆ ಕಾರಣ. ಪಿಎಚ್ 5ರ ಹುಳಿನೀರಿನಲ್ಲಿ ಅರ್ಧದಷ್ಟು ಎಂಡೋಸಲ್ಫಾನ್ ಸೀಳಿಹೋಗಲು 200 ದಿನಗಳಿಗೂ ಮಿಕ್ಕಿ ಬೇಕು; 7ರಲ್ಲಿ ಎರಡು ಮೂರು ವಾರ; 9ರ ಕ್ಷಾರದಲ್ಲಿ ಕೆಲವೇ ಗಂಟೆ. ಹುಳಿಯಾದ ಮುರಮಣ್ಣಿನಲ್ಲಿ ವಿಷ ಬಿದ್ದ ಸ್ಥಳಕ್ಕೆ ಸುಣ್ಣ ಬೆರೆಸುವುದು ಆದಕಾರಣ ಸಶಾಸ್ತ್ರವಾದ ಕ್ರಮವೇ. ಅದಕ್ಕೂ ಒಂದು ಎಚ್ಚರಿಕೆಯ ಮಾತಿದೆ: ಮೇಲೆ ಹೇಳಿದ ಗಂಟೆಗಳು ನೀರಿನಲ್ಲಿ ಕರಗಿದ ವಿಷಕ್ಕೆ ಸಲ್ಲುತ್ತವೆಯೇ ಹೊರತು ಮಣ್ಣನ್ನು ಕಚ್ಚಿಕೊಂಡಿರುವ ವಿಷಕ್ಕಲ್ಲ, ಮತ್ತು ಸುಣ್ಣ ಅತಿಯಾದರೆ ಮಣ್ಣಿನ ಸಾವಯವಾಂಶವೇ ಕರಗಿ, ತನ್ನ ಬೆನ್ನಿಗಂಟಿದ ವಿಷವನ್ನೂ ಹೊತ್ತು ಕೆಳಗಿಳಿಯಬಹುದು.

ಹಡಗಲಿಯ ಎರೆಗಾದರೋ ಸುಣ್ಣದ ಕೊರತೆಯೇ ಇಲ್ಲ. ಅಗೆದಲ್ಲೆಲ್ಲ ಸುಣ್ಣದ ಹರಳು; ಪಿಎಚ್ ಎಂಟನ್ನು ದಾಟಿದ ಕ್ಷಾರಭೂಮಿ. ಅಟ್ರಜಿನ್ನಿಗೆ ಈ ಕ್ಷಾರ ಏನನ್ನೂ ಮಾಡುವುದಿಲ್ಲ. ಸಾಲದೆಂಬಂತೆ, ಹುಳಿಮಣ್ಣು ಅದನ್ನು ಹಿಡಿದಿಡುವಷ್ಟು ಕ್ಷಾರಮಣ್ಣು ಹಿಡಿದಿಡದು. ಇಲ್ಲಿ ಯಾರಾದರೂ ಕರಾವಳಿಯ ಪಾಠವನ್ನು ಕೇಳಿ ಬಂದು ಸುಣ್ಣ ಚೆಲ್ಲಿದರೆ, ಚೆಲ್ಲಿದ ಸುಣ್ಣಕ್ಕೆ ದಂಡ.

ಎರಡನೆಯ ಮದ್ದು ಕಬ್ಬಿಣ. ತುಕ್ಕು ಹಿಡಿಯದ ಲೋಹರೂಪದ ಕಬ್ಬಿಣದ ಪುಡಿಯನ್ನು ಒದ್ದೆಮಣ್ಣಿಗೆ ಬೆರೆಸಿದರೆ, ಅದು ತಾನು ತುಕ್ಕಾಗುತ್ತ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ವಿಷದ ಅಣುವು ಅವನ್ನು ಪಡೆದು ತನ್ನ ಕ್ಲೋರಿನ್ನನ್ನು ಕಳಚುತ್ತದೆ. ಕ್ಲೋರಿನ್ ಹೋದ ಮೇಲೆ ಅದರ ಹಲ್ಲು ಹೋದಂತೆಯೇ. ಅಮೆರಿಕದ ನೆಬ್ರಾಸ್ಕದಲ್ಲಿ ಮೆಟೊಲಾಕ್ಲೋರ್ ಎಂಬ ಕಳೆನಾಶಕ ಚೆಲ್ಲಿ ಕೆಟ್ಟಿದ್ದ ಸ್ಥಳವೊಂದರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದವರು ಮಣ್ಣನ್ನು ಬಗೆದು ಉದ್ದನೆಯ ರಾಶಿಗಳಾಗಿ ಹಾಕಿ, ಕಬ್ಬಿಣದ ಪುಡಿ ಬೆರೆಸಿ, ನೀರು ಹನಿಸಿ, ಯಂತ್ರದಿಂದ ಕಲಸುತ್ತ ಬಂದರು. ಈ ಪ್ರಯೋಗದ ವರದಿ 2001ರಲ್ಲಿ ಪ್ರಕಟವಾಯಿತು. ಬರಿಯ ಕಬ್ಬಿಣ ಹಾಕಿದ ರಾಶಿಯಲ್ಲಿ ಮೂರು ತಿಂಗಳಿಗೆ ವಿಷ ಮೂರರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಿತು. ಕಬ್ಬಿಣದ ಜೊತೆಗೆ ಅಲ್ಯುಮಿನಿಯಂ ಸಲ್ಫೇಟನ್ನೂ, ಅಂದರೆ ಕೊಡದ ನೀರು ತಿಳಿಯಾಗಿಸಲು ನಾವು ತಿರುವುವ ಪಟಿಕದ ದಾಯಾದಿಯನ್ನು, ಹಾಕಿದ ರಾಶಿಯಲ್ಲಿ ಕಿಲೋಗ್ರಾಂ ಮಣ್ಣಿಗೆ ಸುಮಾರು 1,400 ಮಿಲಿಗ್ರಾಂ ಇದ್ದುದು ಹದಿಮೂರರ ಆಸುಪಾಸಿಗೆ ಕುಸಿಯಿತು. ಕಬ್ಬಿಣದ ಮೈಮೇಲೆ ಕಟ್ಟುವ ತುಕ್ಕಿನ ಪೊರೆ ಕ್ಷಾರದಲ್ಲಿ ದಪ್ಪವಾಗಿ ಕೆಲಸವನ್ನು ನಿಲ್ಲಿಸುತ್ತದೆ. ಸಲ್ಫೇಟು ಕ್ಷಾರವನ್ನು ತಗ್ಗಿಸಿ ಆ ಪೊರೆಯನ್ನು ಬೇರೆ ಬಗೆಯದಾಗಿ ಮಾರ್ಪಡಿಸುತ್ತದೆ. ಕ್ಷಾರಭೂಮಿಯ ನಮಗೆ ಈ ವಿವರ ಬಹು ಮುಖ್ಯವಾದುದು.

ಪಕ್ಕದ ಸಂಡೂರಿನಲ್ಲಿ ಬೆಟ್ಟಬೆಟ್ಟವೇ ಕಬ್ಬಿಣವಾಗಿರುವಾಗ ನಮಗೇನು ಕೊರತೆಯೆಂದು ಯಾರಾದರೂ ಕೇಳಿಯಾರು. ಅದಿರಿನಿಂದ ಈ ಕಾರ್ಯ ಸಾಗದು. ಸಂಡೂರಿನ ಅದಿರು ಕೋಟ್ಯಂತರ ವರ್ಷಗಳ ಹಿಂದೆಯೇ ತುಕ್ಕಾಗಿ ಕೂತಿರುವ ಕಬ್ಬಿಣ. ಕೊಡಲು ಅದರ ಬಳಿ ಎಲೆಕ್ಟ್ರಾನುಗಳು ಉಳಿದಿಲ್ಲ. ಅದೇ ಅದಿರನ್ನು ಕಲ್ಲಿದ್ದಲಿನೊಡನೆ ಸುಟ್ಟು ಬಳ್ಳಾರಿಯ ಸುತ್ತ ತಯಾರಿಸುವ ಸ್ಪಂಜ್ ಐರನ್‌ನ ಪುಡಿ, ಅಥವಾ ಹೊಸಪೇಟೆಯ ಲೇತ್ ಅಂಗಡಿಗಳಲ್ಲಿ ಉದುರುವ ಎಣ್ಣೆ ತೊಳೆದ ಕಬ್ಬಿಣದ ತುರಿ, ತತ್ತ್ವಶಃ ಈ ಕಾರ್ಯಕ್ಕೆ ತಕ್ಕ ಲೋಹವೇ. ನಮ್ಮ ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನಿಗೆ ಇದಕ್ಕಿಂತ ಹತ್ತಿರದ ಪ್ರಬಂಧವಸ್ತು ಸಿಕ್ಕಲಾರದೆಂದು ನನಗನಿಸುತ್ತದೆ.

ಹೈಡ್ರೊಜನ್ ಪೆರಾಕ್ಸೈಡನ್ನೂ ಕಬ್ಬಿಣದ ಲವಣವನ್ನೂ ಕೂಡಿಸಿ ವಿಷವನ್ನು ದಹಿಸುವ, 1894ರಲ್ಲಿ ಫೆಂಟನ್ ಎಂಬವನು ಕಂಡ ಪ್ರಕ್ರಿಯೆಯೂ ಗ್ರಂಥಗಳಲ್ಲಿ ಬಹಳ ಪ್ರಶಂಸೆ ಪಡೆದಿದೆ. ಅದು ಚೆನ್ನಾಗಿ ನಡೆಯುವುದು ಪಿಎಚ್ ಮೂರರ ಹುಳಿಯಲ್ಲಿ. ಸುಣ್ಣದ ಹರಳಿನ ಎರೆಯನ್ನು ಅಷ್ಟು ಹುಳಿ ಮಾಡಹೊರಟವನು ಆಮ್ಲದ ಟ್ಯಾಂಕರುಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳಬೇಕಾದೀತು. ಅದನ್ನು ಇಲ್ಲಿಗೇ ಬಿಡೋಣ.

ಮೂರನೆಯದು ವಿಷವನ್ನು ಒಡೆಯದೆ ಹಿಡಿದು ನಿಲ್ಲಿಸುವ ಮಾರ್ಗ. ಸಕ್ರಿಯ ಇದ್ದಿಲಿನ ಒಂದು ಗ್ರಾಮಿನಲ್ಲಿರುವ ಸೂಕ್ಷ್ಮರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಅವು ನೂರಾರು ಚದರ ಮೀಟರುಗಳಾಗುತ್ತವೆ. ಬಸಿದುಹೋಗುವ ಅಣುಗಳು ಆ ಗೋಡೆಗಳಿಗೆ ಅಂಟಿ ನಿಲ್ಲುತ್ತವೆ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ಹತ್ತಿಕಟ್ಟಿಗೆ ಇವುಗಳನ್ನು ಗಾಳಿಯಾಡದಂತೆ ಸುಟ್ಟ ಇದ್ದಿಲೂ, ಅಷ್ಟು ಸಮರ್ಥವಲ್ಲವಾದರೂ, ಇದೇ ಜಾತಿಯದು. ಇನ್ನೊಂದು ಉಪಾಯ ನಮ್ಮ ಎರೆಯ ಜೇಡಿಯ ಕುಲದಿಂದಲೇ ಹುಟ್ಟಿದುದು. ಎರೆಯನ್ನು ಉಬ್ಬಿಸಿ ಬಿರಿಯಿಸುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಪದರಗಳ ನಡುವೆ ಸೋಡಿಯಂ, ಕ್ಯಾಲ್ಸಿಯಂಗಳು ನೀರನ್ನು ಕೂಡಿಸಿಕೊಂಡು ಕುಳಿತಿರುತ್ತವೆ; ಅವನ್ನು ಎಬ್ಬಿಸಿ ಅಲ್ಲಿ ಉದ್ದಬಾಲದ ಸಾವಯವ ಅಮೋನಿಯಂ ಅಣುಗಳನ್ನು ಕೂರಿಸಿದರೆ, ನೀರನ್ನು ಪ್ರೀತಿಸುತ್ತಿದ್ದ ಜೇಡಿ ಜಿಡ್ಡನ್ನು ಪ್ರೀತಿಸತೊಡಗಿ, ನೀರಿಗೊಲ್ಲದ ಕ್ಲೋರಿನ್‌ಯುಕ್ತ ವಿಷಗಳನ್ನು ಹಿಡಿದು ನಿಲ್ಲಿಸುತ್ತದೆ. ಇದ್ದಿಲಿಗೂ ಜೇಡಿಗೂ ಸಮಾನವಾದ ಒಂದು ದೋಷವೆಂದರೆ, ವಿಷ ಅಲ್ಲಿಯೇ ಇರುತ್ತದೆ. ವರ್ಷಗಳು ಕಳೆದಂತೆ ರಂಧ್ರಗಳು ಮಣ್ಣಿನ ಸಾವಯವಾಂಶದಿಂದ ತುಂಬುತ್ತವೆ; ಹಿಡಿತ ಸಡಿಲವಾಗುತ್ತದೆ. ಇದ್ದಿಲು ಹಾಕಿದ ಹೊಲದಲ್ಲಿ ಕಳೆನಾಶಕವೂ ಅದಕ್ಕೇ ಅಂಟಿಕೊಂಡು ಕಳೆ ಸಾಯದಿರುವುದು, ರೈತನು ಮರುವರ್ಷ ಎರಡು ಪಾಲು ಹೊಡೆಯುವುದು, ಇದೂ ಆಗಬಹುದಾದ ಸಂಗತಿ.

ಇಷ್ಟೆಲ್ಲ ಹೇಳಿದ ಮೇಲೆ ತೂಕದ ಪ್ರಶ್ನೆಗೆ ಬರಬೇಕು. ಉತ್ಸಾಹಿಗಳು ಎಡವುವುದು ಇಲ್ಲಿಯೇ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 800 ಟನ್ನು ತೂಗುತ್ತದೆ. ಅದಕ್ಕೆ ಶೇಕಡ 2ರಂತೆ ಇದ್ದಿಲು ಬೆರೆಸಹೊರಟರೆ 16 ಟನ್ನು, ಎಂದರೆ ಎರಡು ಲಾರಿಯ ಹೊರೆ. ಮೆಕ್ಕೆಜೋಳದ ಯಾವ ಧಾರಣೆಯೂ ಈ ವೆಚ್ಚವನ್ನು ತಾಳದು. ಪಂಪು ತೊಳೆಯುವ ಜಾಗದ ಲೆಕ್ಕವೇ ಬೇರೆ. ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಆಳ ಅಗೆದರೆ ಮೂರೂವರೆ ಟನ್ನು ಮಣ್ಣು. ಅದಕ್ಕೆ 70 ಕಿಲೋ ಇದ್ದಿಲು, ಶೇಕಡ 5ರಂತೆ ಕಬ್ಬಿಣವಾದರೆ 175 ಕಿಲೋ. ಎತ್ತಿನ ಗಾಡಿಯಲ್ಲಿ ಬರುವ ಸರಕು. ಹೊಲದಲ್ಲಿ ತೆಳುವಾಗಿ ಹರಡಿದ ವಿಷವನ್ನು ಬಿಸಿಲಿಗೂ ಸೂಕ್ಷ್ಮಜೀವಿಗಳಿಗೂ ಒಪ್ಪಿಸಬಹುದು. ಒಂದೇ ಸ್ಥಳದಲ್ಲಿ ವರ್ಷಗಟ್ಟಲೆ ಬಿದ್ದು ಸಾಂದ್ರವಾದ ವಿಷಕ್ಕೆ ಸೂಕ್ಷ್ಮಜೀವಿಗಳೇ ಸಾಯುತ್ತವೆ, ಅಲ್ಲಿಗೆ ರಸಾಯನ ಬೇಕು. ಹೊಸದಾಗಿ ಚೆಲ್ಲುವುದನ್ನು ತಡೆಯಲು ಸ್ವೀಡನ್ನಿನವರು 1990ರ ದಶಕದ ಆರಂಭದಲ್ಲಿ ಒಂದು ಸುಲಭೋಪಾಯವನ್ನು ರೂಢಿಗೆ ತಂದರು: ಗುಂಡಿಯೊಂದಕ್ಕೆ ಎರಡು ಪಾಲು ಹುಲ್ಲು, ಒಂದು ಪಾಲು ಮಣ್ಣು, ಒಂದು ಪಾಲು ಪೀಟು ಎಂಬ ಜೌಗುನೆಲದ ಅರೆಕೊಳೆತ ಸಸ್ಯಾಂಶ ತುಂಬಿ ಅದರ ಮೇಲೆಯೇ ಪಂಪು ತೊಳೆಯುವುದು. ಪೀಟಿನ ಸ್ಥಾನದಲ್ಲಿ ನಾವು ತೆಂಗಿನ ನಾರಿನ ಪುಡಿಯನ್ನು ಹಾಕಿ ನೋಡಬಹುದು.

ಪ್ರಯೋಗಶಾಲೆಯ ಒಂದು ಪದ್ಧತಿಯ ಬಗ್ಗೆಯೂ ಇಲ್ಲಿ ಹೇಳಬೇಕು. ಮದ್ದು ಫಲಿಸಿತೋ ಇಲ್ಲವೋ ಎಂದು ಪರೀಕ್ಷಿಸುವವರು ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಎರಡು ಮಿಲಿಮೀಟರಿನ ಜರಡಿಯಲ್ಲಿ ಜಾಲಿಸಿ, ಪಿವಿಸಿ ಕೊಳವೆಯಲ್ಲಿ ತುಂಬಿ, ಮೇಲಿಂದ ನೀರು ಹೊಯ್ದು, ಕೆಳಗೆ ತೊಟ್ಟಿಕ್ಕಿದುದನ್ನು ಅಳೆಯುತ್ತಾರೆ. ಜರಡಿ ಹಿಡಿದ ಎರೆಯಲ್ಲಿ ಬಿರುಕೆಲ್ಲಿ? ಕೊಳವೆಯಲ್ಲಿ ಉತ್ತೀರ್ಣವಾದ ಚಿಕಿತ್ಸೆ ಹೊಲದ ಮೊದಲ ಮಳೆಗೆ ಸೋತರೆ ಆಶ್ಚರ್ಯಪಡಬೇಕಾಗಿಲ್ಲ. ನೀರು ಇದ್ದಿಲನ್ನು ಮುಟ್ಟಲೇ ಇಲ್ಲ, ಪಕ್ಕದ ಸೀಳಿನಲ್ಲಿ ಇಳಿದುಹೋಯಿತು. ಎರೆಯಲ್ಲಿ ಮದ್ದು ಬೆರೆಸುವುದಕ್ಕಿಂತ ಮೊದಲು ಅಷ್ಟು ಜಾಗವನ್ನು ಒಂದೆರಡು ಬಾರಿ ನೆನೆಸಿ ಬಿರುಕು ಮುಚ್ಚಿಸುವುದೂ, ಅದರ ಮೇಲೆ ಮಳೆಯ ನೀರು ನುಗ್ಗದಂತೆ ಸುತ್ತ ಬದು ಹಾಕಿ ತಗಡೋ ತಾಡಪಲ್ಲೋ ಹೊದಿಸುವುದೂ ಚಿಕಿತ್ಸೆಯ ಅಂಗವೇ ಆಗಬೇಕು.

ಕಾಸರಗೋಡಿನಲ್ಲಿ ಇನ್ನೂ ಮುಗಿಯದ ಅಧ್ಯಾಯವೊಂದಿದೆ. ನಿಷೇಧದ ನಂತರ ತೋಟದ ಗೋದಾಮುಗಳಲ್ಲಿ ಉಳಿದು ಪೀಪಾಯಿ ಸೋರತೊಡಗಿದ್ದ ಎಂಡೋಸಲ್ಫಾನನ್ನು 2012ರಲ್ಲಿ ಹೊಸ ಪ್ಲಾಸ್ಟಿಕ್ ಪೀಪಾಯಿಗಳಿಗೆ ಬಗ್ಗಿಸಿಟ್ಟರು. ಅಲ್ಲಿಯ ಮಿಂಚಿನಪದವಿನಲ್ಲಿ ಪಾಳುಬಾವಿಯೊಂದರೊಳಗೆ ಈ ವಿಷವನ್ನು ಹೂತಿದ್ದಾರೆಂಬ ಆರೋಪವು ಹಸಿರು ನ್ಯಾಯಮಂಡಳಿಯವರೆಗೂ ಹೋಗಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಸುತ್ತಣ ನೀರು ಮಣ್ಣುಗಳ ಮಾದರಿಯನ್ನು ಒಯ್ದಿದ್ದಾರೆ. ಹಾಗೆ ಹೂತುದು ನಿಜವೇ ಆದರೆ, ಮೇಲೆ ಹೇಳಿದ ಸುಣ್ಣ, ಕಬ್ಬಿಣ, ಇದ್ದಿಲುಗಳಲ್ಲಿ ಒಂದೂ ಅದಕ್ಕೆ ಪರಿಹಾರವಲ್ಲ. ಅವು ಮಣ್ಣಿಗೆ ತಗುಲಿದ ವಿಷಕ್ಕೆ. ಪೀಪಾಯಿಯ ವಿಷವನ್ನು ಅಗೆದು ತೆಗೆದು, ವಿಶೇಷವಾದ ಕುಲುಮೆಯಲ್ಲಿ ಅತ್ಯುಷ್ಣದಲ್ಲಿ ದಹಿಸಬೇಕು. ತೆಗೆದ ಮೇಲೆ ಬಾವಿಯ ಗೋಡೆಗೂ ತಳಕ್ಕೂ ಸುಣ್ಣದ ಸರದಿ ಬಂದೀತು.

ಹಡಗಲಿಯವರಾದ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಮೊದಲು ನಮ್ಮ ಬೋರಿನ ನೀರಿನಲ್ಲಿ ಏನಿದೆಯೆಂದು ತಿಳಿದರೆ ಸಾಕು. ಊರೂರಿಗೆ ಕೊಟ್ಟಿರುವ ಪರೀಕ್ಷೆಯ ಪೆಟ್ಟಿಗೆಗಳು ಫ್ಲೋರೈಡು, ನೈಟ್ರೇಟುಗಳನ್ನು ಬಣ್ಣ ನೋಡಿ ಹೇಳುತ್ತವೆ; ಅಟ್ರಜಿನ್ನನ್ನು ಹೇಳಲಾರವು, ಅದಕ್ಕೆ ದೊಡ್ಡ ಪ್ರಯೋಗಶಾಲೆಯ ಕ್ರೊಮಟೊಗ್ರಾಫ್ ಯಂತ್ರವೇ ಬೇಕು. ಮಾದರಿ ಹಿಡಿಯುವವರು ಕಂದುಬಣ್ಣದ ಗಾಜಿನ ಸೀಸೆಯನ್ನೇ ಒಯ್ಯಬೇಕು, ಏಕೆಂದರೆ ಪ್ಲಾಸ್ಟಿಕ್ಕು ಇಂಥ ಕೆಲವು ವಿಷಗಳನ್ನು ತಾನೇ ಹೀರಿಕೊಂಡು ನೀರು ಶುದ್ಧವೆಂದು ಸುಳ್ಳು ಸಾಕ್ಷಿ ಹೇಳುತ್ತದೆ. ತುಂಬಿದ ಸೀಸೆಯನ್ನು ಮಂಜುಗಡ್ಡೆಯ ಮೇಲಿಟ್ಟು ಸಾಗಿಸಬೇಕು. ಮತ್ತು ಬೇಸಗೆಯ ತಿಳಿನೀರನ್ನಲ್ಲ, ಮೆಕ್ಕೆಜೋಳ ಬಿತ್ತಿ ಕಳೆಯ ಪುಡಿ ಹೊಡೆದ ನಂತರದ ಮೊದಲ ದೊಡ್ಡ ಮಳೆ ಬಿದ್ದ ವಾರದಲ್ಲಿ, ಪಂಪು ತೊಳೆಯುವ ಜಾಗಕ್ಕೆ ಅತಿ ಸಮೀಪದ ಬೋರಿನಿಂದ ಮೇಲೆ ಬಂದ ನೀರನ್ನು ಹಿಡಿಯಬೇಕು.